ಮಾರಿದ ಮೇಲೂ ಬರುವವರು

ಮನೆ ಕೊಳ್ಳುವ ಮುನ್ನ ನಮ್ಮ ವಕೀಲರು ಮೂಲಪತ್ರ, ಖಾತೆ, ಕಂದಾಯದ ರಸೀದಿ ಎಲ್ಲವನ್ನೂ ಭೂತಗನ್ನಡಿ ಹಿಡಿದು ನೋಡಿದರು. ಮಾರಿದವರು ಆಮೇಲೂ ಬರುತ್ತಿರುತ್ತಾರೆಯೇ ಎಂಬುದನ್ನು ಮಾತ್ರ ಯಾರೂ ವಿಚಾರಿಸಲಿಲ್ಲ.

ರಾಜಾಜಿನಗರದ ಈ ಹಳೇ ಮನೆಯನ್ನು ನಮಗೆ ಮಾರಿದವರು ರಂಗಪ್ಪನವರು. ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ದುಡಿದು ನಿವೃತ್ತರಾದವರು. ಕೀಲಿಕೈ ನಮ್ಮ ಕೈಗಿತ್ತು ಕಾಮಾಕ್ಷಿಪಾಳ್ಯದ ಮಗಳ ಮನೆಗೆ ಹೋದರು. ಮುಂದಿನ ತಿಂಗಳೇ ಒಂದು ಭಾನುವಾರ ಬೆಳಿಗ್ಗೆ ಗೇಟಿನ ಬಳಿ ನಿಂತಿದ್ದರು. ಏನೂ ಕೆಲಸವಿಲ್ಲ, ಸುಮ್ಮನೆ ಬಂದೆ ಎಂದರು. ಆಮೇಲೆ ತಿಂಗಳಿಗೊಮ್ಮೆ ತಪ್ಪದೆ ಸುಮ್ಮನೆ ಬರತೊಡಗಿದರು.

ಕಾಫಿ ಕುಡಿದು ಹೋಗಿದ್ದರೆ ಚಿಂತೆಯಿರಲಿಲ್ಲ. ಬೆರಳ ಗಂಟಿನಿಂದ ಗೋಡೆ ತಟ್ಟಿ ಕಿವಿಗೊಡುವರು. ನಾವು ಹಸಿರು ಬಣ್ಣ ಬಳಿಸಿದ ದಿನ ಕಾಫಿಯನ್ನೇ ಮುಟ್ಟಲಿಲ್ಲ. ಅವರ ದೇವರ ಮನೆಯಲ್ಲಿ ನಾನು ವಾಷಿಂಗ್ ಮೆಷಿನ್ ಇಡಿಸಿದ್ದೆ. ಅಭ್ಯಾಸಬಲದಿಂದ ಅದಕ್ಕೇ ಕೈಮುಗಿದು ಹೊರಬಂದರು. ಎರಡು ವರ್ಷ ಕಳೆಯುವಷ್ಟರಲ್ಲಿ ನನ್ನ ಹೆಂಡತಿ ನಳಿನಿ, ಈ ಮನೆಯನ್ನು ಕೊಂಡಿದ್ದೇವೋ ಬಾಡಿಗೆಗಿದ್ದೇವೋ ಎಂದು ಕೇಳಿದಳು. ಇನ್ನು ಬರಬೇಡಿ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಇಂಥ ಮಾತನ್ನು ನಾನು ಕನ್ನಡಿಯ ಮುಂದಷ್ಟೇ ಚೆನ್ನಾಗಿ ಆಡಬಲ್ಲೆ.

ಅಂತೂ ಒಂದು ಭಾನುವಾರ, ತಿಂಗಳು ತಿಂಗಳೂ ನೀವು ಬಂದರೆ ನಮಗೆ ಸ್ವಲ್ಪ... ಎಂದು ತೊದಲಿದೆ. ರಂಗಪ್ಪನವರಿಗೆ ಅಷ್ಟೇ ಸಾಕಾಯಿತು. ಮೆಟ್ಟಿಲ ಮೇಲೆ ಕುಳಿತು, ಈ ಮನೆ ಕಟ್ಟಿಸಿದವರು ಕಮಲಮ್ಮನೆಂಬ ಪ್ರೈಮರಿ ಶಾಲೆಯ ಮೇಡಂ ಎಂದು ಹೇಳಿದರು. ಗಂಡ ತೀರಿಕೊಂಡ ಮೇಲೆ ಇವರಿಗೆ ಮಾರಿದರಂತೆ. ಆಮೇಲೂ ಬಂದು ಹಿತ್ತಲಿನ ನುಗ್ಗೆಗೆ ಒಂದು ಚೆಂಬು ನೀರು ಹಾಕಿ ಹೋಗುತ್ತಿದ್ದರಂತೆ.

"ಒಂದಿನ ಅವರು ಬರ್ತಾ ಇರೋದು ಕಿಟಕೀಲಿ ಕಾಣಿಸ್ತು. ನಾನು ಬಾಗಿಲು ತೆಗೀಲಿಲ್ಲ ಸಾರ್. ಬೆಲ್ ಮಾಡಿದ್ರು, ನಿಂತಿದ್ರು, ಹೊರಟುಹೋದ್ರು. ಆಮೇಲೆ ಬರಲೇ ಇಲ್ಲ." ಏಳುತ್ತಾ ಸೇರಿಸಿದರು: "ನೀವು ಬಾಗಿಲು ತೆಗೆದು ಹೇಳಿದ್ರಿ. ಅಷ್ಟು ವಾಸಿ."

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ನಳಿನಿ ಹೊರಬಂದಳು. "ಅಡುಗೆಮನೆ ಸಿಂಕಿನ ನೀರು ಸರಿಯಾಗಿ ಹೋಗ್ತಿಲ್ಲ. ಸ್ವಲ್ಪ ನೋಡ್ತೀರಾ?"

ನನಗೆ ತಿಳಿದಂತೆ ಸಿಂಕು ನೆಟ್ಟಗೇ ಇತ್ತು. ರಂಗಪ್ಪನವರು ಅದರ ಮುಂದೆ ಅರ್ಧ ಗಂಟೆ ಕುಕ್ಕರುಗಾಲಲ್ಲಿ ಕುಳಿತು, ತಾವು ಹಾಕಿಸಿದ ಪೈಪು ಎಷ್ಟು ಗಟ್ಟಿ ಎಂದು ವಿವರಿಸಿದರು. ಆಮೇಲೂ ತಿಂಗಳಿಗೊಮ್ಮೆ, ಕಾಲು ಸಾಗುವವರೆಗೆ ಬಂದರು. ಹೋದ ವರ್ಷ ತೀರಿಕೊಂಡರು.

ಮೊನ್ನೆ ಬಾಪೂಜಿ ನಗರದಲ್ಲಿ, ನಾನು ಬೆಳೆದ ಬಾಡಿಗೆ ಮನೆಯ ಮುಂದೆ ಸ್ಕೂಟರು ತಾನಾಗಿ ನಿಧಾನವಾಯಿತು. ಯುವಕನೊಬ್ಬ ಬೈಕು ಒರೆಸುತ್ತಿದ್ದ. ಅಡುಗೆಮನೆಯ ಕಿಟಕಿಯ ಮೇಲಿನ ಸಜ್ಜದಲ್ಲಿ ಮಳೆನೀರು ನಿಲ್ಲುತ್ತದೆ, ನೋಡಿಕೊಳ್ಳಿ ಎಂದೆ. ನೀವು ಯಾರು ಎಂದು ಕೇಳುವನೆಂದು ಹೆದರಿದ್ದೆ. "ಹೌದೇನ್ರಿ? ಬರ್ರಿ, ತೋರಸ್ರಿ," ಎಂದ. ಹಾವೇರಿ ಕಡೆಯವನಿರಬೇಕು.

ಹೋಗಿ ನೋಡಿದೆ. ನಡುವೆ ಇದ್ದವರು ಯಾರೋ ಅಲ್ಲಿಗೊಂದು ಪೈಪು ಹಾಕಿಸಿ ಸರಿಮಾಡಿದ್ದರು. ಸಂತೋಷಪಡಬೇಕಾದ ವಿಷಯ. ನನಗೇಕೋ ಸ್ವಲ್ಪ ಬೇಸರವೇ ಆಯಿತು.