ರಾಣಿಯ ತವರು, ನನ್ನ ತವರು

ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕೆಂದರು. ನನ್ನ ಇನಿಷಿಯಲ್ ನಮ್ಮೂರಿನದು, ಬಿಡಿಸಿ ಬರೆದೆ. ಹೀಗಾಗಿ ಅಮೆರಿಕದ ಶಾರ್ಲೆಟ್‌ಗೆ ಬಂದಿಳಿದ ದಿನದಿಂದ ತುಮಕೂರು ಸೀಮೆಯ ಒಂದು ಹಳ್ಳಿಯೇ ನನ್ನ ಲಾಸ್ಟ್ ನೇಮ್. ಕ್ಲಿನಿಕ್ಕಿನಲ್ಲಿ ನರ್ಸು ಬಾಗಿಲಿಗೆ ಬಂದು, ಕಾಗದ ನೋಡಿ, ಬಾಯಿ ತೆರೆದು ಸುಮ್ಮನೆ ನಿಂತರೆ ನಾನೇ ಎದ್ದು ಹೋಗುತ್ತಿದ್ದೆ. ಹದಿನಾರು ವರ್ಷ ಹಾಗೆ ಎದ್ದು ಹೋಗಿದ್ದೇನೆ. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಎರಡು ವರ್ಷದ ಹಿಂದೆ ಸಿಟಿಜನ್‌ಶಿಪ್ ಅರ್ಜಿ ತುಂಬುತ್ತಿದ್ದೆ. ಹೆಸರು ಬದಲಾಯಿಸಿಕೊಳ್ಳುವಿರಾ ಎಂಬ ಪ್ರಶ್ನೆ ಅದರಲ್ಲೇ ಇತ್ತು.

"ಇದೇ ಚಾನ್ಸು. ನನ್ ಹೆಸ್ರು ಹಾಕ್ಕೊಂಬಿಡು, ಶಾರ್ಟಾಗಿರತ್ತೆ" ಎಂದರು ಗಂಡ. ಅವರದ್ದು ಎರಡೇ ಅಕ್ಷರ.

"ಯೆಸ್ ಅಮ್ಮ. ನೋಬಡಿ ಕ್ಯಾನ್ ಸೇ ಇಟ್" ಎಂದಳು ಏಳನೇ ಕ್ಲಾಸಿನ ಮಗಳು. ಅದೇ ಮೇಜಿನ ಮೇಲೆ ಅವಳ ಶಾಲೆಯ ಪ್ರಾಜೆಕ್ಟ್ ಹರಡಿತ್ತು: ನಮ್ಮ ಕೌಂಟಿಗೆ, ಅಂದರೆ ಜಿಲ್ಲೆಗೆ, ಮೆಕ್ಲೆನ್‌ಬರ್ಗ್ ಎಂಬ ಹೆಸರು ಹೇಗೆ ಬಂತು. ಮಾತು ತಪ್ಪಿಸಲು ಅದನ್ನೇ ಕೇಳಿದೆ. ಅದು ಜರ್ಮನಿಯ ಒಂದು ರಾಜಮನೆತನದ ಹೆಸರಂತೆ. ಆ ಮನೆಯ ಹುಡುಗಿ ಇಂಗ್ಲೆಂಡಿನ ರಾಜನನ್ನು ಮದುವೆಯಾದಳು. ಇಲ್ಲಿಯವರು ಊರಿಗೆ ಶಾರ್ಲೆಟ್ ಎಂಬ ಅವಳ ಹೆಸರನ್ನೂ ಕೌಂಟಿಗೆ ಅವಳ ತವರಿನ ಹೆಸರನ್ನೂ ಇಟ್ಟರು.

"ಆ ಮನೆತನಕ್ಕೆ ಹೆಸ್ರು ಎಲ್ಲಿಂದ ಬಂತು?"

ಮಗಳು ಮ್ಯಾಪ್ ತೋರಿಸಿದಳು. "ಇಟ್ಸ್ ಎ ವಿಲೇಜ್. ಈಗ್ಲೂ ಇದೆ."

"ಅವಳು ಇಲ್ಲಿಗೆ ಬಂದಿದ್ಲಾ?"

"ನೆವರ್."

ನನಗೆ ರೇಗಿತು. ಈ ನೆಲಕ್ಕೆ ಕಾಲೇ ಇಡದವಳ ತವರು ಇಲ್ಲಿನ ಕೋರ್ಟಿನ ಗೋಡೆಯ ಮೇಲಿದೆ, ನನ್ನ ಲೈಬ್ರರಿ ಕಾರ್ಡಿನ ಮೇಲಿದೆ. ಅದನ್ನು ಹೇಳಲು ಯಾರ ನಾಲಿಗೆಯೂ ತೊಡರುವುದಿಲ್ಲ. ಇಲ್ಲೇ ಹೆತ್ತು, ಇಲ್ಲೇ ದುಡಿದ ನಾನು ನನ್ನ ತವರನ್ನು ಯಾಕೆ ಅಳಿಸಬೇಕು? 'ಇಲ್ಲ' ಎಂಬಲ್ಲಿ ಗುರುತು ಹಾಕಿದೆ. ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದರು. ಊದಿಸಿಕೊಳ್ಳಲಿ.

ಸಂದರ್ಶನದ ದಿನ ಅಧಿಕಾರಿ ನನ್ನ ಹೆಸರಿನಲ್ಲಿ ಎಡವಿ, ನಕ್ಕು, ಮೊದಲ ಹೆಸರಷ್ಟೇ ಸಾಕಲ್ಲ ಎಂದರು. ನನ್ನ ಅರ್ಜಿ ಅವರ ಕೈಯಲ್ಲಿತ್ತು, ನನಗೆ ಭಯವಾಗಿತ್ತು. ಆದರೂ ಇಂಗ್ಲಿಷಿನಲ್ಲಿ ಹೇಳಿದೆ: ಮೆಕ್ಲೆನ್‌ಬರ್ಗ್ ಹೇಳುತ್ತೀರಲ್ಲ, ಇದೂ ಹಾಗೇ ಒಂದು ಹಳ್ಳಿ, ನಿಧಾನವಾಗಿ ಹೇಳಿ, ಕಾಯುತ್ತೇನೆ. ಮೂರನೇ ಸಲಕ್ಕೆ ಸರಿಯಾಗಿ ಹೇಳಿದರು. ಮನೆಗೆ ಬಂದು ಇದನ್ನು ಮಗಳಿಗೆ ಎರಡೆರಡು ಬಾರಿ ಹೇಳಿ ಕೊಚ್ಚಿಕೊಂಡೆ.

ಕಳೆದ ತಿಂಗಳು ಅದೇ ಕ್ಲಿನಿಕ್ಕಿನಲ್ಲಿ ಹೊಸ ನರ್ಸೊಬ್ಬಳು ಕಾಗದ ಹಿಡಿದು ಬಾಗಿಲಲ್ಲಿ ನಿಂತಳು. ಮಗಳು ನನ್ನ ಕಡೆ ನೋಡಿದಳು. ನಾನು ಏಳಲಿಲ್ಲ.

"ಟ್ರೈ ಇಟ್" ಎಂದಳು ಮಗಳು, ನರ್ಸಿಗೆ. "ಶಿ ವಿಲ್ ವೇಟ್."