ಜೈನಬಿಯ ಮನೆಗೆ ಬಂದ ಎರಡು ಮಾತು

ಮಂಡ್ಯದ ಪೇಟೆಯಲ್ಲಿ ಬೆಸುಗೆ ಅಂಗಡಿಯ ಮುಂದೆ ಹಾದುಹೋಗುವಾಗ ನವಸಾಗರದ ಹೊಗೆ ಮೂಗಿಗೆ ಬಡಿದರೆ ಈಗಲೂ ನನ್ನ ಕಾಲು ನಿಂತುಬಿಡುತ್ತದೆ. ನಿಮಗೂ ಅಂಥದ್ದೊಂದು ವಾಸನೆ ಇರಬೇಕು. ಮಳವಳ್ಳಿಯಲ್ಲಿ ನಮ್ಮ ಮನೆಗೂ ಜೈನಬಿಯ ಮನೆಗೂ ಒಂದೇ ಗೋಡೆ. ಈಗ ಎರಡು ಮನೆಯೂ ಇಲ್ಲ. ಅವರದು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ಮನೆತನ. ಕಲಾಯಿಗೆ ಉದುರಿಸುವ ನವಸಾಗರದ ಆ ಬಿಳಿ ಹೊಗೆ ಗೋಡೆ ದಾಟಿ ನಾವು ಒಣಹಾಕಿದ ಬಟ್ಟೆಗೆಲ್ಲ ಹಿಡಿಯುತ್ತಿತ್ತು. ಅಮ್ಮ ಗೊಣಗುತ್ತಿದ್ದಳು, ಗೊಣಗುತ್ತಲೇ ನಮ್ಮ ಪಾತ್ರೆಗಳನ್ನೂ ಅಲ್ಲಿಗೇ ಕಳಿಸುತ್ತಿದ್ದಳು. ಜೈನಬಿ ಗಂಡನನ್ನು ಕಳೆದುಕೊಂಡವಳು. ಒಬ್ಬನೇ ಮಗ ಕರೀಮಣ್ಣ ಲಾರಿ ಓಡಿಸಲು ಕಲಿತು, ಮದುವೆಯಾದ ವರ್ಷವೇ ಸೈನ್ಯ ಸೇರಿ ಮಲಯಾ ಕಡೆಗೆ ಎರಡನೇ ಮಹಾಯುದ್ಧಕ್ಕೆ ಹೋದ. ಮನೆಯಲ್ಲಿ ಉಳಿದವರು ಅತ್ತೆ ಮತ್ತು ಸೊಸೆ ನೂರಿ. ನೂರಿ ಕೆಂಡಕ್ಕೆ ಗಾಳಿ ಹಾಕುವ ತಿದಿ ಒತ್ತುತ್ತಿದ್ದಳು, ಜೈನಬಿ ಕಲಾಯಿ ಹಾಕುತ್ತಿದ್ದಳು.

ನಮ್ಮ ಬೀದಿಗೆ ತಂತಿ ಬರುತ್ತಿದ್ದುದು ಸಾವಿಗೆ ಮಾತ್ರ. ಹಾಗಾಗಿ ತಂತಿಯವನು ಜೈನಬಿಯ ಬಾಗಿಲಲ್ಲಿ ಸೈಕಲ್ ಇಳಿದದ್ದೇ ತಡ, ಲಕೋಟೆ ಒಡೆಯುವ ಮೊದಲೇ ಹೆಂಗಸರೆಲ್ಲ ಹೋ ಎಂದು ಅಳತೊಡಗಿದರು. ಅಮ್ಮನೂ ಅತ್ತಳು. ಬೆಳಕವಾಡಿಯ ನೆಂಟರಿಗೆ ತಿಳಿಸಲು ಆಳೂ ಹೊರಟಾಗಿತ್ತು. ಬೀದಿಯಲ್ಲಿ ಇಂಗ್ಲಿಷ್ ಬಲ್ಲವರು ಮಿಡ್ಲ್ ಸ್ಕೂಲ್ ಮೇಷ್ಟ್ರಾಗಿದ್ದ ನಮ್ಮಪ್ಪ ಒಬ್ಬರೇ. ಅವರು ಶಾಲೆಯಿಂದ ಓಡಿಬಂದು ಓದಿ, ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. "ಕಿಲ್ಡ್ ಅಂತ ಬರೆದಿಲ್ಲ. ಮಿಸ್ಸಿಂಗ್ ಅಂತ ಬರೆದಿದ್ದಾರೆ. ಕಿಲ್ಡ್ ಅಂದ್ರೆ ಸತ್ತುಹೋದ ಅಂತ. ಮಿಸ್ಸಿಂಗ್ ಅಂದ್ರೆ ಎಲ್ಲಿದ್ದಾನೋ ತಿಳೀದು, ಅಷ್ಟೇ."

ಜೈನಬಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಯಾರೂ ಅಳ್‌ಬ್ಯಾಡಿ ಕಣಮ್ಮ. ನನ್ ಮಗ ಅವ್ನೆ. ಬದುಕಿರೋನ್ಗೆ ಅತ್ರೆ ಅವ್ನ ಆಯಸ್ಸು ಸವೀತದೆ."

ಅಂದಿನಿಂದ ಆ ಮನೆಯಲ್ಲಿ ಅಳು ನಿಷಿದ್ಧವಾಯಿತು. ನಾನು ಎಂಟು ವರ್ಷದ ಹುಡುಗಿ. ಮಿಸ್ಸಿಂಗ್ ಎಂಬುದು ದೇವರೇ ಕಳಿಸಿದ ಮಾತು ಎಂದುಕೊಂಡಿದ್ದೆ. ರಂಜಾನಿಗೆ ಕರೀಮಣ್ಣನಿಗೂ ಹೊಸ ಅಂಗಿ ಹೊಲಿಸುತ್ತಿದ್ದರು. ನೂರಿಯ ಕಣ್ಣು ಒದ್ದೆಯಾದರೆ ಅತ್ತೆ ದುರುಗುಟ್ಟಿ ನೋಡುವಳು, ಅವಳು ತಪ್ಪನ್ನು ಹೊಗೆಯ ಮೇಲೆ ಹಾಕಿ ತಪ್ಪಿಸಿಕೊಳ್ಳುವಳು. ಒಮ್ಮೆ ಹಲಗೂರಿನಿಂದ ಅವಳ ಅಪ್ಪ ಬಂದು ಬೇರೆ ನಿಕಾಹ್ ಮಾತೆತ್ತಿದರು. "ಗಂಡ ಅವ್ನೆ. ಎಂಗ್ ಕಳ್ಸ್ಲಿ?" ಎಂದಳು ಜೈನಬಿ. ಅವರು ಹಾಗೇ ಮರಳಿ ಬಸ್ಸು ಹತ್ತಿದರು. ನೂರಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಯುದ್ಧ ಮುಗಿದ ಮೇಲೆ ಇನ್ನೊಂದು ಕಾಗದ ಬಂತು. ಈ ಸಲ ಯಾರೂ ಅಳಲಿಲ್ಲ. ಅಪ್ಪ ಓದಿ, ಮಡಿಸಿ, ಕನ್ನಡಕ ತೆಗೆದರು. ಜೈನಬಿ ಅವರ ಮುಖ ನೋಡಿಯೇ ತಿಳಿದುಕೊಂಡಳು. "ಮೊದ್ಲಿನ್ ಮಾತೇ ತಾನೇ ಮೇಷ್ಟ್ರೇ? ಅದೇ ಅನ್ಬುಡಿ," ಎಂದು ಬೇಡಿಕೊಂಡಳು. ಹೂಂ ಎನ್ನಲು ಅಪ್ಪ ಬಾಯಿ ತೆರೆದದ್ದನ್ನು ನಾನು ಕಂಡೆ. ಅಷ್ಟರಲ್ಲಿ ನೂರಿ ತಿದಿ ಬಿಟ್ಟು ಎದ್ದುಬಂದು ಅವರೆದುರು ನಿಂತಳು.

"ದಿಟ ಯೋಳಿ ಮೇಷ್ಟ್ರೇ. ನಿಮ್ ಕಾಲಿಗ್ ಬೀಳ್ತೀನಿ."

"ಕಿಲ್ಡ್," ಎಂದರು ಅಪ್ಪ.

ಅರ್ಥ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ನೂರಿ ಅಲ್ಲೇ ಕುಸಿದು ಕೂತು, ಮೂರು ವರ್ಷದ ಅಳುವನ್ನೆಲ್ಲ ಅಳತೊಡಗಿದಳು. ಜೈನಬಿ ರೂಢಿಯಂತೆ ಅವಳ ಬಾಯಿ ಮುಚ್ಚಲು ಕೈ ಚಾಚಿದಳು. ಆ ಕೈ ನಡುವೆಯೇ ನಿಂತಿತು, ಆಮೇಲೆ ಮೆಲ್ಲಗೆ ಸೊಸೆಯ ತಲೆಯ ಮೇಲೆ ಇಳಿಯಿತು.

"ಅಳು ಮಗ," ಎಂದಳು. "ಇನ್ ಅತ್ರೆ ಯಾರ್ ಆಯಸ್ಸೂ ಸವೆಯಾಕಿಲ್ಲ."