ಟರ್ಬೈನ್ ನಿಲ್ಲುವ ತನಕ

ಗಂಡ ಫೆರ್ನಾನ್ ಬದುಕಿದ್ದಷ್ಟು ಕಾಲ ಸೊಲಾಂಜ್ ಅವನನ್ನು ನಂಬಲಿಲ್ಲ. ನಾರ್ಮಂಡಿಯ ರೈಲು ಶೆಡ್ಡಿನಲ್ಲಿ ಅವನು ಟರ್ಬೈನ್ ರೈಲಿನ ಮೆಕ್ಯಾನಿಕ್. ಉಳಿದವರೆಲ್ಲ ಆರರ ಬಸ್ಸಿಗೆ ಮನೆ ಸೇರಿದರೆ ಇವನೊಬ್ಬ ಬಸ್ಸು ತಪ್ಪಿಸಿಕೊಂಡು ನಡೆದು ಬರುತ್ತಿದ್ದ.

"ಟರ್ಬೈನ್ ನಿಲ್ಲೋದನ್ನ ಕೇಳ್ತಾ ಕೂತಿದ್ದೆ ಕಣೆ" ಎನ್ನುತ್ತಿದ್ದ. ಯಾವಳದೋ ಮನೆ ಹೊಕ್ಕು ಬರುತ್ತಾನೆ ಎಂದೇ ಅವಳ ಗುಮಾನಿ. ಅವನು ಸತ್ತ ಮೇಲೆ ಸಿಕ್ಕ ನೀಲಿ ಪುಸ್ತಕದ ತುಂಬ ಬರೀ ತಾರೀಖು, ನಿಮಿಷ. ಅವಳ ಜೊತೆ ಕಳೆದ ಹೊತ್ತಿನ ಲೆಕ್ಕವೇ ಇದು ಎಂದು ಗುಮಾನಿ ಗಟ್ಟಿಯಾಯಿತು.

ಹಳೆಯ ರೈಲನ್ನು ಉಳಿಸಿ ಓಡಿಸುವ ಸಂಘದ ರೆಜಿಸ್ ಆ ಪುಸ್ತಕ ಕೇಳಿಕೊಂಡು ಬಂದ.

"ನನ್ನ ಮಾನ ಊರೆಲ್ಲ ಓದೋದಕ್ಕಾ? ಮೊದಲು ನಿಮ್ಮ ರೈಲು ತೋರಿಸಪ್ಪ" ಎಂದಳು.

ಭಾನುವಾರ ಹೋದಳು. ಮನೆಯಲ್ಲಿಟ್ಟರೆ ಯಾರಾದರೂ ಕದ್ದಾರೆಂದು ಪುಸ್ತಕವನ್ನು ಚೀಲದಲ್ಲೇ ಇಟ್ಟುಕೊಂಡಿದ್ದಳು. ರೈಲು ಸುತ್ತು ಮುಗಿಸಿ ನಿಂತಿತು. ಜನ ಚಪ್ಪಾಳೆ ತಟ್ಟಿ ಸೇಬಿನ ಸೈಡರ್ ಕುಡಿಯಲು ಹೋದರು. ರೆಜಿಸ್ ಮಾತ್ರ ಗಡಿಯಾರ ಹಿಡಿದು ಎಂಜಿನ್ನಿನ ಪಕ್ಕದಿಂದ ಕದಲಲಿಲ್ಲ.

"ಏನಯ್ಯಾ, ಯಾರಿಗೆ ಕಾಯ್ತಿದ್ದೀಯ?"

"ಶ್! ಮದಾಮ್, ಆಫ್ ಮಾಡಿದ ಮೇಲೂ ಟರ್ಬೈನ್ ತಿರುಗ್ತಾ ಇರುತ್ತೆ. ಬೇಗ ನಿಂತ್ರೆ ಬೇರಿಂಗ್ ಕೆಟ್ಟಿದೆ ಅಂತ. ಎಷ್ಟು ನಿಮಿಷಕ್ಕೆ ನಿಲ್ಬೇಕು ಅಂತ ನಿಮ್ಮ ಯಜಮಾನ್ರು ದಿನಾ ಕೇಳಿ ಬರೆದಿಡ್ತಿದ್ರಂತೆ. ಆ ಲೆಕ್ಕ ನಮಗ್ಯಾರಿಗೂ ಗೊತ್ತಿಲ್ಲ."

ಸಿಳ್ಳಿನಂಥ ಸದ್ದು ಸಣ್ಣಗಾಗುತ್ತ ಹೋಯಿತು. ಅದು ಪೂರ್ತಿ ಅಡಗುವವರೆಗೆ ಸೊಲಾಂಜ್ ಅಲ್ಲೇ ನಿಂತಳು. ಆಮೇಲೆ ಚೀಲದಿಂದ ನೀಲಿ ಪುಸ್ತಕ ತೆಗೆದು ಅವನ ಕೈಗೆ ಕೊಟ್ಟಳು.

"ಒಂದು ದಿನ ನನ್ನನ್ನೂ ಇಲ್ಲಿಗೆ ಕರ್ಕೊಂಡು ಬಂದಿದ್ರೆ ಏನಾಗ್ತಿತ್ತು ಆ ಮುದುಕನಿಗೆ?" ಎಂದಳು.